ಅಂಚು ಕತ್ತರಿಸಿದ ಪುಸ್ತಕ

ಬಾದಾಮಿ ಮಾವು ಮುಗಿಯುತ್ತ ಬಂದು ತೋತಾಪುರಿ ಇಳಿಯಲು ಶುರುವಾಗಿದ್ದ ಜೂನ್ ತಿಂಗಳು. ಮಧ್ಯಾಹ್ನದ ನಮಾಜು ಮುಗಿಸಿ ಓಬೇದುಲ್ಲಾ ಸಾಬರು ತಮ್ಮ ಬೈಂಡಿಂಗ್ ಅಂಗಡಿಗೆ ಬರುವ ಹೊತ್ತಿಗೆ ಇಬ್ಬರು ರದ್ದಿ ಪುಸ್ತಕಗಳ ಮೂಟೆ ಬಿಚ್ಚಿ ನೆಲದ ಮೇಲೆ ಸುರಿದುಕೊಂಡು ಕೂತಿದ್ದರು. ಒಬ್ಬ ಅವರ ಮೊಮ್ಮಗ ಶಾರುಖ್. ಇನ್ನೊಬ್ಬಳು ಎದುರು ಮನೆಯಲ್ಲಿ ಬಾಡಿಗೆಗಿದ್ದ ಶ್ರೀವಾಣಿ. ಮೂಟೆ ಕೋಲಾರದ ಕಡೆ ಮುಚ್ಚಿಹೋದ ಯಾವುದೋ ಹಾಸ್ಟೆಲಿನದು. ರಟ್ಟು ಗಟ್ಟಿಯಿದ್ದರೆ ಕಿತ್ತು ಬಳಸೋಣ ಎಂದು ಸಾಬರು ತಂದಿದ್ದರು.

"ಅದನ್ನ ಬಿಡಕ್ಕ, ಮೊದ್ಲು ನೋಡಿದ್ದು ನಾನು."

"ತಗೋಳೋ ಮಾರಾಯ. ಇಟ್ಟಿಗೆ ಥರ ಇದೆ. ಎತ್ಕೊಂಡು ಓಡಾಡಿದ್ರೆ ತೋಳಾದ್ರೂ ಬರತ್ತೆ ನಿಂಗೆ."

"ಇದ್ರಲ್ಲಿ ವೆಬ್ಬೂ ಇದೆ, ಡೇಟಾಬೇಸೂ ಇದೆ. ಎಲ್ಲಾ ಒಂದೇ ಕಡೆ."

"ಮದ್ವೆ ಮನೆ ಎಲೆ ಥರ ಅನ್ನು. ಎಲ್ಲಾ ಇರತ್ತೆ, ಹೊಟ್ಟೆ ಬೇಕಲ್ಲ."

ನಗುತ್ತಿದ್ದರು, ಆದರೆ ಇಬ್ಬರ ಕೈಯೂ ನಿಲ್ಲುತ್ತಿರಲಿಲ್ಲ. ಮುಳಬಾಗಿಲು ಬಸ್ ನಿಲ್ದಾಣದ ಹತ್ತಿರ ಮುನಿಕೃಷ್ಣ ನಡೆಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಇಬ್ಬರೂ ಟೈಪಿಂಗು, ಲೆಕ್ಕಪತ್ರ ಹೇಳಿಕೊಡುತ್ತಿದ್ದವರು. ಅದನ್ನು ಕಲಿಯಲು ಬರುವ ಮಕ್ಕಳು ಕಡಿಮೆಯಾಗಿದ್ದರು. ಜುಲೈನಿಂದ ವೆಬ್ ಪ್ರೋಗ್ರಾಮಿಂಗು, ಡೇಟಾಬೇಸು ಶುರು ಮಾಡುತ್ತೇನೆ, ಆದರೆ ಒಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದು ಮುನಿಕೃಷ್ಣ ಹೇಳಿದ್ದ. "ಭಾನುವಾರ ಇಬ್ರೂ ಒಂದೊಂದು ಪಾಠ ಮಾಡಿ. ಯಾರು ಹೇಳಿದ್ದು ಮಕ್ಕಳ ತಲೆಗೆ ಹೋಗತ್ತೋ ಅವರೇ."

ಶ್ರೀವಾಣಿಗೆ ಈ ಕೆಲಸ ಇದ್ದರೆ ಮುಳಬಾಗಿಲಿನಲ್ಲಿ ಈ ಬಾಡಿಗೆ ಕೋಣೆ. ಇಲ್ಲದಿದ್ದರೆ ತಾಯಲೂರಿನಲ್ಲಿ ಅತ್ತೆಯ ಮನೆ. ಗಂಡ ಮುನೇಶ್ ಮೊದಲೇ ಅವಳೊಂದಿಗೆ ಹಾಗೆ ಮಾತಾಡಿಕೊಂಡಿದ್ದ. ಅಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಓರಗಿತ್ತಿಯರ ಜೊತೆ ಟೊಮೇಟೊ ಬಿಡಿಸಲು ಹೋದರೆ ಸಂಜೆಯವರೆಗೂ ಅವಳನ್ನು ಯಾರೂ ಏನೂ ಕೇಳುವವರಿಲ್ಲ, ಅವಳು ಹೇಳಿಕೊಡುವುದೂ ಏನಿಲ್ಲ.

ಸಾಬರಿಗೂ ಒಂದು ಆಸೆ ಇತ್ತು. ಶಾಲೆಗಳು ಈಗ ರೆಕಾರ್ಡು ಕಟ್ಟಿಸುತ್ತಿರಲಿಲ್ಲ. ಅಂಟಿನ ವಾಸನೆ ತಮ್ಮ ಕೈಗೇ ಕೊನೆಯಾಗಲಿ, ಹುಡುಗ ಫ್ಯಾನಿನ ಕೆಳಗೆ ಕೂರಲಿ ಎಂದು ಆ ವಾರವೆಲ್ಲ ಅವರು ನಮಾಜಿನ ಕೊನೆಗೆ ಕೈಯೆತ್ತಿ ಕೇಳಿಕೊಳ್ಳುತ್ತಿದ್ದರು. ಶ್ರೀವಾಣಿಗೆ ಕೆಟ್ಟದಾಗಲಿ ಎಂದು ಕೇಳಿರಲಿಲ್ಲ. ಆದರೆ ಕುರ್ಚಿ ಒಂದೇ ಎಂಬುದು ಅವರಿಗೆ ಗೊತ್ತಿಲ್ಲದ್ದೂ ಅಲ್ಲ.

"ಇಷ್ಟೊಂದು ಒದ್ದಾಟ ಯಾಕಮ್ಮಾ? ಈಗೆಲ್ಲಾ ಮೊಬೈಲಲ್ಲೇ ಬರತ್ತಂತಲ್ಲ ಪಾಠ," ಎಂದರು.

"ನೋಡ್ದಾಗ ಎಲ್ಲಾ ಗೊತ್ತಾದಂಗೆ ಇರತ್ತೆ ತಾತ. ಆಫ್ ಮಾಡಿದ್ರೆ ಖಾಲಿ."

ಕೊನೆಗೆ ಅವಳು ಆರಿಸಿಕೊಂಡದ್ದು ಹಾಳೆ ಕಳಚಿದ, ಹಿಂದಿನ ರಟ್ಟೇ ಇಲ್ಲದ ಒಂದು ಸಣ್ಣ ಡೇಟಾಬೇಸ್ ಪುಸ್ತಕ. ಶಾರುಖ್ ಅದನ್ನು ಆಗಲೇ ಪಕ್ಕಕ್ಕೆ ಎಸೆದಿದ್ದ. ಅದರ ಅಂಚಿನ ತುಂಬ ಯಾರೋ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದರು. 'ಇದು ಈಗ ನಡೆಯಲ್ಲ, ಹೀಗೆ ಹಾಕು' ಎಂದು ಕೆಲವು ಕಡೆ. ಕೆಲವು ಕಡೆ ಪಾಠವನ್ನೇ ಬಿಡಿಸಿ ಬಿಡಿಸಿ. ಶ್ರೀವಾಣಿ ಕೂತಲ್ಲೇ ಒಂದೆರಡು ಹಾಳೆ ಓದಿದಳು. ಅವಳ ಮುಖ ಬಿಚ್ಚಿಕೊಂಡಿತು.

"ಯಾರೋ ಪುಣ್ಯಾತ್ಮ, ನನಗೋಸ್ಕರ ಬರ್ದಂಗೆ ಬರ್ದವ್ನೆ ತಾತ. ಹಾಳೆ ಉದುರ್ತಾ ಇದೆ, ಒಂಚೂರು ಹೊಲ್ದು ಕೊಡ್ತೀರಾ?"

"ಕೊಡಮ್ಮಾ. ನಾಳೆ ಸಂಜೆಗೆ ತಗೊಂಡು ಹೋಗು."

ಸಾಬರು ಆ ಕೆಲಸವನ್ನು ಮನಸ್ಸಿಟ್ಟು ಮಾಡಿದರು. ಹರಿದ ಹಾಳೆಗೆ ತೆಳು ಕಾಗದ ಅಂಟಿಸಿದರು. ನೂಲಿಗೆ ಮೇಣ ಹಚ್ಚಿ ಹೊಲಿದರು. ಅಂಟು ಹಾಕಿ, ಒತ್ತಿಟ್ಟು, ಒಣಗಿದ ಮೇಲೆ ಕಟಿಂಗ್ ಮಿಷನ್ನಿಗೆ ಕೊಟ್ಟು ಚಕ್ರ ತಿರುಗಿಸಿದರು. ಅಂಚು ಕತ್ತರಿಸದೆ ಪುಸ್ತಕ ಕೊಡುವುದು ಅರ್ಧ ಕ್ಷೌರ ಮಾಡಿ ಎಬ್ಬಿಸಿದ ಹಾಗೆ ಎಂದು ಅವರ ಉಸ್ತಾದರು ಹೇಳುತ್ತಿದ್ದರು. ಅಂಚು ಮೂರು ಕಡೆಯೂ ಜಜ್ಜಿಹೋಗಿತ್ತು. ನುಣ್ಣಗಾಗಲೆಂದು ಎಂದಿಗಿಂತ ಸ್ವಲ್ಪ ಒಳಕ್ಕೇ ಇಟ್ಟು ಕತ್ತರಿಸಿದರು. ಮೇಲೆ ನೀಲಿ ಕ್ಯಾಲಿಕೋ ಬಟ್ಟೆಯ ಹೊದಿಕೆ.

ಮಾರನೆಯ ಸಂಜೆ ಶ್ರೀವಾಣಿ ಬಂದಳು. ಪುಸ್ತಕ ಹಿಡಿದು ನೋಡಿ, "ಎಷ್ಟು ಚೆನ್ನಾಗಿದೆ ತಾತ," ಅಂದಳು. ಬಿಚ್ಚಿದಳು. ಇನ್ನೊಂದು ಹಾಳೆ ತಿರುವಿದಳು. ಆಮೇಲೆ ಬೇಗ ಬೇಗ ತಿರುವತೊಡಗಿದಳು. ಅಂಚಿನಲ್ಲಿ ಅರ್ಧ ಅಕ್ಷರಗಳು, ಕೊಂಬು ಒಂದು ಕಡೆ, ಒತ್ತು ಒಂದು ಕಡೆ.

"ಬರ್ದಿದ್ದೆಲ್ಲಾ ಎಲ್ಲಿ?"

ಸಾಬರಿಗೆ ಆಗ ಹೊಳೆಯಿತು. ಅಂಗಡಿಯ ಒಳಗೆ ಶಾರುಖ್ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಶ್ರೀವಾಣಿ ಅವನನ್ನು ನೋಡಿದಳು, ಮತ್ತೆ ಅಜ್ಜನನ್ನು ನೋಡಿದಳು.

"ಹೊಲ್ದು ಕೊಡಿ ಅಂದಿದ್ದೆ ಅಷ್ಟೇ. ಹೋಗ್ಲಿ ಬಿಡಿ. ಮೊಮ್ಮಗನಿಗೆ ಒಳ್ಳೇದಾಯ್ತು."

"ಅಲ್ಲಾನಾಣೆ ಮಗಳೇ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಕೈ ತಪ್ಪಿದ್ದು ಅಭ್ಯಾಸದಿಂದ ಎಂದು ಆಣೆ ಹಾಕಬಹುದಿತ್ತು. ಆದರೆ ಅದೇ ಬೆಳಿಗ್ಗೆ ಆ ಕೈಯೆತ್ತಿ ಕೇಳಿಕೊಂಡದ್ದೂ ಇತ್ತಲ್ಲ.

ಕತ್ತರಿಸಿದ ಚೂರುಗಳು ಅಂಗಡಿಯಲ್ಲಿರಲಿಲ್ಲ. ಮಾವಿನ ಕಾಲದಲ್ಲಿ ಆ ಚೂರನ್ನೆಲ್ಲ ಶ್ರೀನಿವಾಸಪುರದ ಮಂಡಿಯ ಕದಿರಪ್ಪ ಕಾಯಿ ತುಂಬುವ ಬಾಕ್ಸಿನೊಳಗೆ ಹಾಸಲು ಒಯ್ಯುತ್ತಿದ್ದ. ಅವನ ಗಾಡಿ ಮಧ್ಯಾಹ್ನವೇ ಬಂದು ಹೋಗಿತ್ತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಸಾಬರು ಟೋಪಿ ಹಾಕಿಕೊಂಡು ಬಸ್ ನಿಲ್ದಾಣದಲ್ಲಿದ್ದರು. "ನಾನೂ ಬರ್ತೀನಿ, ನಿಮಗೆ ಯಾವ ಚೂರು ಅಂತ ಗೊತ್ತಾಗಲ್ಲ," ಎಂದು ಶ್ರೀವಾಣಿ ಬಂದಳು. ಮುದುಕರನ್ನು ಒಬ್ಬರೇ ಕಳಿಸಲಾಗದೆ ಶಾರುಖ್ ಬಂದ. ದಪ್ಪ ಪುಸ್ತಕ ಅವನ ಕಂಕುಳಲ್ಲೇ ಇತ್ತು.

ಮಂಡಿಯಲ್ಲಿ ಕದಿರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಮಿ ಸಾಬ್ರೂ, ಎಲ್ರೂ ಕಾಯಿ ಹುಡುಕ್ಕೊಂಡು ಬಂದ್ರೆ ನೀವು ಕಸ ಹುಡುಕ್ಕೊಂಡು ಬಂದ್ರಾ! ಎರಡು ಲೋಡು ರಾತ್ರಿನೇ ಹೋಯ್ತು. ಉಳಿದಿದ್ದು ಅದೋ, ಆ ಮೂಲೇಲಿ. ನೋಡ್ಕೊಳಿ."

ಮೂಲೆಯಲ್ಲಿ ಚೂರುಗಳ ಗುಡ್ಡೆ ಇತ್ತು, ಸೊಂಟದೆತ್ತರಕ್ಕೆ. ಮೂವರೂ ಕುಕ್ಕರಗಾಲಲ್ಲಿ ಕೂತು ಕೆದಕಿದರು. ಪೆನ್ಸಿಲ್ ಗುರುತಿದ್ದ ಎಳೆ ಸಿಕ್ಕಾಗಲೆಲ್ಲ ಸಾಬರು ಅದನ್ನು ತಮ್ಮ ಕರ್ಚೀಫಿನ ಮೇಲೆ ನೆಟ್ಟಗೆ ಮಲಗಿಸುತ್ತಿದ್ದರು. ಒಂದು ಹಿಡಿಯಷ್ಟು ಸಿಕ್ಕಿತು. ಯಾವುದು ಯಾವ ಹಾಳೆಯದೋ, ಯಾವುದರ ಪಕ್ಕ ಯಾವುದೋ. ಬಾಕ್ಸು ತುಂಬುವ ಹೆಂಗಸರು ನಡುನಡುವೆ ಬಂದು ಅದೇ ಗುಡ್ಡೆಯಿಂದ ಒಂದೊಂದು ತೆಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಬೇಡ ಎನ್ನುವ ಹಾಗಿರಲಿಲ್ಲ. ಬಿಸಿಲೇರಿದಾಗ ಶ್ರೀವಾಣಿ ಎದ್ದು ಸೀರೆಯ ಧೂಳು ಕೊಡವಿದಳು.

"ಸಾಕು ತಾತ, ಏಳಿ. ಮೊಣಕಾಲು ನೋವು ಬರತ್ತೆ ನಿಮಗೆ."

ತಿರುಗಿ ಬರುವ ಬಸ್ಸಿನಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ಎಳೆದಳು, ಮತ್ತೆ ತಳ್ಳಿದಳು. ಆಮೇಲೆ ಶಾರುಖ್ ಕಡೆ ತಿರುಗಿ, "ಕೊಡೋ ನಿನ್ನ ಇಟ್ಟಿಗೇನ. ಜಾಯಿನ್ ಎಲ್ಲಿದೆ ಅದ್ರಲ್ಲಿ?" ಅಂದಳು.

"ಅದೇ ಅಕ್ಕ ನಂಗೂ ತಿಳೀತಿಲ್ಲ. ಮೂರು ಸಲ ಓದ್ದೆ."

"ಥೂ, ಅದೇನು ಮಹಾ. ಕದಿರಪ್ಪನ ಮಂಡೀಲಿ ರೈತರ ಹೆಸರು ಒಂದು ಪಟ್ಟಿ. ಕಾಯಿ ತೂಕ ಇನ್ನೊಂದು ಪಟ್ಟಿ. ಎರಡರಲ್ಲೂ ಚೀಟಿ ನಂಬರು ಒಂದೇ ಇರತ್ತೆ. ಆ ನಂಬರು ಹಿಡ್ಕೊಂಡು ಎರಡನ್ನೂ ಪಕ್ಕಪಕ್ಕ ಕೂರಿಸು, ಯಾರ ಕಾಯಿ ಎಷ್ಟು ತೂಗ್ತು ಅಂತ ಗೊತ್ತಾಗತ್ತೆ. ಅದೇ ಜಾಯಿನ್. ಅಂಚಲ್ಲಿ ಹೀಗೇ ಮಂಡಿ ಲೆಕ್ಕದಲ್ಲಿ ಬರ್ದಿತ್ತು. ಮೊದಲ್ನೇ ದಿನ ಓದಿದ್ದೆ, ಅದೊಂದೇ ಉಳಿದಿದ್ದು ನಂಗೆ."

"ಅಯ್ಯೋ, ಇಷ್ಟೇನಾ!" ಅಂದ ಶಾರುಖ್. ಮುಂದಿನ ಸೀಟಿನಲ್ಲಿ ಸಾಬರು ಅಷ್ಟನ್ನೂ ಕೇಳಿಸಿಕೊಂಡರು. ಇಬ್ಬರೂ ಮಾತಾಡಿದರಲ್ಲ ಎಂದು ಅವರಿಗೆ ಎದೆ ಹಗುರಾಯಿತು.

ಭಾನುವಾರ ಮುನಿಕೃಷ್ಣ ಮೊದಲು ಶಾರುಖ್‌ನನ್ನು ಕರೆದ. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಸಾಬರೂ ಬಂದು ಕೂತಿದ್ದರು. ಹುಡುಗ ಮೊದಮೊದಲು ದಪ್ಪ ಪುಸ್ತಕ ನೋಡಿಕೊಂಡೇ ಓದಿದ. ಮಕ್ಕಳು ಕೂತಲ್ಲೇ ಮಿಸುಕಾಡತೊಡಗಿದರು. ಅವನು ಪುಸ್ತಕ ಮುಚ್ಚಿದ. ಆಮೇಲೆ, "ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ನೋಡಿದ್ದೀರ ತಾನೇ?" ಅಂದ. ರೈತರ ಪಟ್ಟಿ, ತೂಕದ ಪಟ್ಟಿ, ಚೀಟಿ ನಂಬರು. ಒಳಗೆ ನಗು ಎದ್ದಿತು. "ಸಾರ್, ನಮ್ಮಪ್ಪನ ಚೀಟಿ ಹಾಕಿ ಸಾರ್," ಎಂದು ಯಾರೋ ಕೂಗಿದರು.

ಶ್ರೀವಾಣಿ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಸಾಬರು ತಲೆ ಎತ್ತಿ ಅವಳ ಮುಖ ನೋಡಲಿಲ್ಲ. ಚಪ್ಪಲಿಯೊಳಗೆ ಅವಳ ಕಾಲ್ಬೆರಳು ಮಡಚಿದ್ದು, ಬಿಚ್ಚಿದ್ದು, ಮತ್ತೆ ಮಡಚಿದ್ದು ಕಾಣುತ್ತಿತ್ತು. ಅವಳ ಸರದಿ ಬಂದಾಗ ಒಳಗೆ ಹೋಗಿ ಜಾಯಿನ್ ಬಿಟ್ಟು ಬೇರೇನೋ ಪಾಠ ಮಾಡಿದಳು. ತಪ್ಪಿಲ್ಲದೆ ಮಾಡಿದಳು. ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಅಂದು ಮನೆಗೆ ಬಂದ ಮೇಲೆ ಸಾಬರು ಮನೆಮಾತಿನಲ್ಲಿ ಮೊಮ್ಮಗನನ್ನು ಕೇಳಿದರು. "ಆ ಮಾತು ಅವಳದಲ್ಲವೇನೋ?"

"ಅವಳದೂ ಅಲ್ಲ ದಾದಾ. ಯಾವನೋ ಅಂಚಲ್ಲಿ ಬರೆದದ್ದು." ಆಮೇಲೆ ಅಂದ, "ಬೇಕು ಅಂತ ಹೇಳಲಿಲ್ಲ. ಬಾಯಿಗೆ ಅದೇ ಬಂತು."

ಅಂಚು ಕತ್ತರಿಸಿದಾಗ ಸಾಬರ ಕೈಯೂ ಹಾಗೇ ಹೋಗಿತ್ತು. ಕೆಲಸ ಶಾರುಖ್‌ಗೆ ಆಯಿತು.

ಮುನೇಶ್ ತಾಯಲೂರಿನಿಂದ ಟೊಮೇಟೊ ಸಾಗಿಸುವ ಟೆಂಪೊ ತಂದ. ಮಂಚ, ಗ್ಯಾಸ್ ಒಲೆ, ಎರಡು ಕೊಡ, ಬಟ್ಟೆಯ ಗಂಟು. ಸಾಬರು ಅಂಗಡಿಯಿಂದ ಎದ್ದು ಹೋಗಿ, ಯಾರೂ ಕರೆಯದಿದ್ದರೂ ಹಗ್ಗದ ಒಂದು ತುದಿ ಹಿಡಿದರು. ಗಂಟು ಹಾಕುವುದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಎಳೆದು, ಬಿಗಿದು, ಮೇಲೊಂದು ಸುತ್ತು ಹಾಕಿ ಕಟ್ಟಿದರು.

"ಬರ್ತೀನಿ ತಾತ," ಅಂದಳು ಶ್ರೀವಾಣಿ. ಅವರು ತಲೆಯಾಡಿಸಿ ಹಿಂದೆ ಸರಿದರು.

ಅವಳು ಟೆಂಪೊದ ಹಿಂದಕ್ಕೆ ಹೋದಳು. ಅವರು ಹಾಕಿದ ಗಂಟನ್ನು ಉಗುರಿನಿಂದ ಸಡಿಲಿಸಿ, ಪೂರ್ತಿ ಬಿಚ್ಚಿದಳು. ಹಗ್ಗವನ್ನು ಮತ್ತೆ ಸುತ್ತಿ ತಾನೇ ಕಟ್ಟಿದಳು. ಎಳೆದು ನೋಡಿದಳು. ಆಮೇಲೆ ಮುಂದೆ ಹತ್ತಿ ಕೂತಳು.

ಶ್ರೀವಾಣಿ ಹೋದದ್ದು ಬುಧವಾರ, ಸಂತೆಯ ಜನ ಇನ್ನೂ ಬೀದಿಯಲ್ಲಿದ್ದಾಗಲೇ.