ಬಿಳಿ ಬೂಷ್ಟಿನ ಕಪ್ಪು ಚುಕ್ಕೆ

ಪ್ರಯೋಗಾಲಯದಲ್ಲಿ ಆಕೆಗೆ ಸ್ಪಿರಿಟ್ ಮೇಡಂ ಎಂದೇ ಹೆಸರು. ಮೇಜು, ಕುರ್ಚಿ, ಬಾಗಿಲ ಹಿಡಿ, ಕೊನೆಗೆ ಸ್ಪಿರಿಟ್ ಬಾಟಲಿಯನ್ನೂ ಸ್ಪಿರಿಟ್ಟಿನಲ್ಲೇ ಒರೆಸುವ ಹೆಂಗಸನ್ನು ಇನ್ನೇನೆಂದು ಕರೆಯಬೇಕು? ಗಂಡನಿಗೆ ಮಾತ್ರ ಸೋಪು ಸಾಕು ಎಂದು ವಿನಾಯಿತಿ ಕೊಟ್ಟಿದ್ದಳು.

ಆಕೆ ಸಾಕಿದ್ದು ಒಂದು ಬೂಷ್ಟನ್ನು. ಅದರ ಬಂಧುಬಳಗವೆಲ್ಲ ಕಾಡಿಗೆಯಂತೆ ಕಪ್ಪು. ಇದೊಂದು ಮಾತ್ರ ಬಿಳಿ. ಯಾಕೆಂದು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಈ ಬೂಷ್ಟಿನ ಜೀನುಗಳ ನಡುವೆ ಕಾಲು ನಿಲ್ಲದ ತುಣುಕೊಂದಿದೆ. ಅದು ಎಲ್ಲಿಂದಲೋ ಎದ್ದು ಬಂದು, ಕಪ್ಪು ಬಣ್ಣ ಕೊಡುವ ಜೀನಿನ ನಟ್ಟನಡುವೆ ವಕ್ಕರಿಸಿಕೊಂಡಿದೆ. ಬಣ್ಣ ಹೋಗಿದ್ದು ಅದಕ್ಕೇ. ಅಲ್ಲಿಂದ ಇನ್ನೊಂದು ಕಡೆಗೆ ಜಿಗಿದರೆ ಬಣ್ಣ ಮರಳುತ್ತದೆ. ಮೂರು ವರ್ಷ ಕಾದಳು. ತುಣುಕು ಜಿಗಿಯಲಿಲ್ಲ.

“ಜಿಗಿಯುತ್ತೆ ಅಂತೀರಿ, ಅದು ನೋಡಿದ್ರೆ ಠಿಕಾಣಿ ಹೂಡಿದೆಯಲ್ರೀ,” ಎಂದರು ನಿರ್ದೇಶಕರು. “ಈ ತಿಂಗಳೊಳಗೆ ಜಿಗಿದಿದ್ದು ತೋರಿಸಿ. ಇಲ್ಲಾಂದ್ರೆ ಈ ಕೋಣೆ ಮೀನಿನವರಿಗೆ.”

ಮೀನಿನ ಸಂಶೋಧಕರು ಮರುದಿನವೇ ಟೇಪು ಹಿಡಿದು ಬಂದರು. ಆಕೆ ಕೂತಿದ್ದಂತೆಯೇ ಆಕೆಯನ್ನೂ ಸೇರಿಸಿ ಕೋಣೆ ಅಳೆದುಕೊಂಡು ಹೋದರು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಅಲ್ಲಿ ಅತ್ತೆ ಇದ್ದರು. ಯಾವ ವಸ್ತುವೂ ಇದ್ದ ಕಡೆಯೇ ಇದ್ದರೆ ಅವರಿಗೆ ಊಟ ಸೇರದು. ಸೋಫಾ ಅಡುಗೆಮನೆಗೆ, ಫ್ರಿಜ್ಜು ಮಲಗುವ ಕೋಣೆಗೆ, ಕನ್ನಡಿ ಮೆಟ್ಟಿಲ ಕೆಳಗೆ. ಎತ್ತಿದ ಜಾಗದಲ್ಲಿ ತಮ್ಮದೇನಾದರೊಂದನ್ನು ಮರೆತು ಬರುವುದು ಇನ್ನೊಂದು ಗುಣ. ಗಂಡ ಒಮ್ಮೆ ಪೇಪರು ಓದುತ್ತಲೇ ಕೂರಲು ಹೋದ. ಕುರ್ಚಿ ಇರಲಿಲ್ಲ, ಅದಿದ್ದ ಜಾಗದಲ್ಲಿ ಅಮ್ಮನ ಹೆಣಿಗೆ ಕಡ್ಡಿ ಇತ್ತು.

ಸೊಸೆ ರೋಸಿಹೋಗಿ ಭಾವನಿಗೆ ಫೋನು ಮಾಡಿದಳು. “ಸ್ವಲ್ಪ ದಿನ ಅತ್ತೇನ ನೀವು ಕರ್ಕೊಂಡು ಹೋಗಿ.” ವಿಷಯ ತಿಳಿದ ಅತ್ತೆ ಅಂದೇ ಸೂಟ್‌ಕೇಸ್ ತುಂಬಿ ಬಾಗಿಲ ಪಕ್ಕ ಇಟ್ಟರು.

ಆ ವಾರವೇ ಅವರು ಮನೆಯ ಬೀಗದ ಕೈ ಇಸಿದುಕೊಳ್ಳಲು ಪ್ರಯೋಗಾಲಯಕ್ಕೆ ಬಂದರು. ಸೊಸೆ ಸಭೆಯಲ್ಲಿದ್ದಳು. ಸುಮ್ಮನೆ ಕೂರುವ ಜೀವವೇ ಅದು? ಸೊಸೆ ಬರುವಷ್ಟರಲ್ಲಿ ಮೇಜು ಕಿಟಕಿಗೆ ಬೆನ್ನು ಮಾಡಿತ್ತು. ಅದನ್ನು ತಿರುಗಿಸುವ ಗಡಿಬಿಡಿಯಲ್ಲಿ ಬೇರೇನು ಹೋಗಿದೆ ಎಂದು ಆಕೆ ನೋಡಲಿಲ್ಲ. ಬೂಷ್ಟು ಬೆಳೆಸುವ ಗಾಜಿನ ತಟ್ಟೆಗಳ ಒಂದು ಕಟ್ಟು ಕಾಣೆಯಾಗಿದೆ ಎಂದು ತಿಳಿದದ್ದು ವಾರ ಕಳೆದ ಮೇಲೆ. ಕಪಾಟಿನಲ್ಲಿ ಅದಿದ್ದ ಜಾಗದಲ್ಲಿ ಕನ್ನಡಕದ ಡಬ್ಬಿ ಕೂತಿತ್ತು. ಕಳ್ಳರು ಯಾರೆಂದು ಹುಡುಕುವ ಅಗತ್ಯವೇ ಬೀಳಲಿಲ್ಲ.

“ಅತ್ತೆ, ತಟ್ಟೆ ಎಲ್ಲಿಟ್ರಿ?”

“ತಲೆಗೆ ನೆನಪಿಲ್ಲ ಕಣೇ. ಅಲ್ಲಿ ಬಂದು ನಿಂತ್ರೆ ಕೈಗೆ ಗೊತ್ತಾಗುತ್ತೆ.”

ಪ್ರಯೋಗಾಲಯಕ್ಕೆ ಬಂದು ನಿಂತರು. ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಫ್ರಿಜ್ಜಿನ ನೆತ್ತಿಯ ಮೇಲೆ, ಬೆಚ್ಚನೆಯ ಮೂಲೆಯಲ್ಲಿ, ಟೇಪು ಸುತ್ತಿದ ಕಟ್ಟು ಹಾಗೇ ಇತ್ತು. ತಟ್ಟೆಯೊಳಗಿನ ಬಿಳಿ ಬೂಷ್ಟಿನ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು.

ಗೋಡೆಯ ಮೇಲೆ ಆಕೆಯೇ ಬರೆದು ಅಂಟಿಸಿದ ನಿಯಮವಿತ್ತು: “ಕಪ್ಪು ಕಂಡರೆ ಕುಕ್ಕರಿಗೆ.” ಕೆಟ್ಟ ತಟ್ಟೆಗಳನ್ನು ಬೇಯಿಸಿ ಎಸೆಯುವ ದೊಡ್ಡ ಕುಕ್ಕರೊಂದು ಮೂಲೆಯಲ್ಲಿತ್ತು. ತಟ್ಟೆ ಎತ್ತಿಕೊಂಡ ಆಕೆಯ ಕಾಲು ಅಭ್ಯಾಸಬಲದಿಂದ ಅತ್ತ ಹೊರಟಿತು.

“ಅಯ್ಯೋ, ಚೆನ್ನಾಗಿರೋದನ್ನ ಯಾಕೆ ಬಿಸಾಡ್ತೀಯ?”

“ಕೊಳೆ ಅತ್ತೆ ಅದು. ಹೊರಗಿನ ಬೂಷ್ಟು ನುಗ್ಗಿದೆ. ಬೆಳಿಗ್ಗೆ ಬಂದವಳೇ ನೋಡ್ತೀನಿ, ಕಪ್ಪು ಚುಕ್ಕೆ ಕಂಡ್ರೆ ಬೇಯಿಸಿಬಿಡ್ತೀನಿ.”

“ದಿನಾನಾ?”

“ದಿನಾ.”

“ಮತ್ತೆ ಮೂರು ವರ್ಷದಿಂದ ನೀನು ಕಾಯ್ತಿರೋದು ಏನನ್ನ?”

“ಕಪ್ಪು ಚುಕ್ಕೆ...” ಎಂದವಳು ಕೈಯಲ್ಲಿದ್ದ ತಟ್ಟೆಯನ್ನು ಮತ್ತೆ ನೋಡಿದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಈಕೆ ಇನ್ನೂ ಒಂದು ಕೈ ಮೇಲು: ಬೆಣ್ಣೆಯನ್ನು ದಿನಾ ಚರಂಡಿಗೆ ಸುರಿದು ಆಮೇಲೆ ಅಲೆದಿದ್ದಳು. ಕೂರಲು ಹೋದಳು. ಅಷ್ಟರಲ್ಲಿ ಅತ್ತೆ ಕುರ್ಚಿ ಸರಿಸಿಯಾಗಿತ್ತು.

ನೆಲದ ಮೇಲೆ ಕೂತೇ ಆಕೆ ತಟ್ಟೆಯನ್ನು ಎದೆಗೊತ್ತಿಕೊಂಡಳು. ಭಾವನಿಗೆ ಮಾಡಿದ ಫೋನು ನೆನಪಾಗಿ ನಾಚಿಕೆಯಾಯಿತು.

ಚುಕ್ಕೆಯ ಜೀನುಗಳನ್ನು ಓದಿಸಿದರು. ಹೊರಗಿನದಲ್ಲ, ಅದೇ ಬೂಷ್ಟು. ಬಣ್ಣದ ಜೀನಿನಿಂದ ತುಣುಕು ಎದ್ದು ಹೋಗಿತ್ತು. ಹೋಗುವಾಗ ತನ್ನ ಗುರುತಿಗೆ ಜೀನಿನಲ್ಲಿ ನಾಲ್ಕಾರು ಡಿಎನ್‌ಎ ಅಕ್ಷರ ಬಿಟ್ಟಿತ್ತು, ಥೇಟ್ ಕನ್ನಡಕದ ಡಬ್ಬಿ.

“ಇಷ್ಟು ದಿನ ಯಾಕ್ರೀ ತೋರಿಸ್ಲಿಲ್ಲ?” ಎಂದರು ನಿರ್ದೇಶಕರು, ತುಂಬಿದ ಸಭೆಯಲ್ಲಿ.

“ಜಿಗೀತಾನೇ ಇತ್ತು ಸಾರ್. ನಾನೇ ಬೇಯಿಸ್ತಿದ್ದೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಕೋಣೆ ಉಳಿಯಿತು. ಮೀನಿನವರು ಟೇಪು ಸುತ್ತಿಕೊಂಡು ಹೋದರು. ಆಕೆ ಗೋಡೆಯ ನಿಯಮವನ್ನು ತಾನೇ ಕಿತ್ತಳು.

ಭಾವ ಕಾರು ತಂದ ದಿನ ಅತ್ತೆ ಮನೆಯೆಲ್ಲ ಜಾಲಾಡುತ್ತಿದ್ದರು. ಮಂಚದ ಕೆಳಗೆ ಇಲ್ಲ, ಸೋಫಾ ಹಿಂದೆ ಇಲ್ಲ, ಅಟ್ಟಕ್ಕೆ ಅವರ ಕೈ ಎಟುಕದು.

“ನನ್ನ ಸೂಟ್‌ಕೇಸ್ ಎಲ್ಲೇ?”

“ನಂಗೇನು ಗೊತ್ತು ಅತ್ತೆ? ಸಿಗೋವರೆಗೂ ಇಲ್ಲೇ ಇರಿ,” ಎಂದಳು ಸೊಸೆ, ಮುಖ ತಿರುಗಿಸಿ.

ಅತ್ತೆ ಬಾಗಿಲ ಪಕ್ಕ ಬಗ್ಗಿ ನೋಡಿದರು. ಸೂಟ್‌ಕೇಸ್ ಇದ್ದ ಜಾಗದಲ್ಲಿ ಸ್ಪಿರಿಟ್ ಬಾಟಲಿ ನಿಂತಿತ್ತು.