ವರಾಂಡದ ಫೈಬರ್ ಕಂಬ

ರೇಲಿಂಗನ್ನು ಕಂಬಕ್ಕೆ ಬಿಗಿದ ಕಬ್ಬಿಣದ ಬ್ರಾಕೆಟ್ಟಿನ ತುಕ್ಕು ಹಿಡಿದ ಸ್ಕ್ರೂವನ್ನು ಅವನು ಬೈದುಕೊಂಡೇ ತಿರುಗಿಸುತ್ತಿದ್ದ. ಮರದ ರೇಲಿಂಗ್ ಬಿಚ್ಚದೆ ಅಪ್ಪನ ಹೆಣ ವರಾಂಡದ ತಿರುವು ದಾಟುವಂತಿರಲಿಲ್ಲ. ಹೊರುವವರು ಒಳಗೆ ಕಾಯುತ್ತಿದ್ದರು.

"ಜೋಪಾನ ಕಣೋ, ಫೈಬರ್ ಕಂಬ, ಒಳಗೆಲ್ಲ ಟೊಳ್ಳು," ಎಂದ ಭಾವ. "ನಿನ್ನ ಕೈಗುಣ ಊರಿಗೇ ಗೊತ್ತು."

"ಬಾಯಿ ಮುಚ್ಕೊಂಡು ಆ ತುದಿ ಹಿಡ್ಕೊಳ್ಳಿ ಭಾವ."

"ಇವತ್ತಾದ್ರೂ ನೆಟ್ಟಗೆ ಮಾತಾಡೋ," ಅಕ್ಕ ಹಲ್ಲು ಕಚ್ಚಿದಳು. "ಅಪ್ಪನ ಕೆಲಸ ಅದು. ಒಂದು ಗೀರು ಬಿದ್ರೂ ನೋಡು."

ಅಪ್ಪನ ಕೆಲಸ! ಬೆಳಗಿನಿಂದ ಬಂದವರೆಲ್ಲ ಸತ್ತ ಬಡಗಿಯ ಕೈಚಳಕ ಹೊಗಳಿ ಹೊಗಳಿ ಅವನ ಕಿವಿ ಕಾದುಹೋಗಿತ್ತು. ಗೀರಿಲ್ಲದೆ ಬಿಚ್ಚಿ ಇವರ ಬಾಯಿ ಮುಚ್ಚಿಸಬೇಕೆಂಬುದೊಂದೇ ಅವನ ಹಟ.

*

ವರ್ಷಗಳ ಹಿಂದೆ ಗಿರಾಕಿಯೊಬ್ಬರ ಮನೆಯಲ್ಲಿ ಅವನಿಗೆ ಸಿಕ್ಕ ಮೊದಲ ಸ್ವಂತ ಕೆಲಸವೂ ಇಂಥದೇ ಕಂಬ. ಡ್ರಿಲ್ಲಿನಿಂದ ತೂತು ಕೊರೆಯದೆ, ಅವಸರದಲ್ಲಿ ಸ್ಕ್ರೂವನ್ನು ನೇರ ಬಿಗಿದ. ಚಟ್ಟೆಂದು ಕಂಬ ಸೀಳಿತು. ಅಪ್ಪ ಬೈಯಲಿಲ್ಲ. ಪೆನ್ಸಿಲಿನಿಂದ ಬಿರುಕಿನ ಸುತ್ತ ಗೆರೆ ಎಳೆದು, ಗಿರಾಕಿಯನ್ನೂ ಕೆಲಸದವರನ್ನೂ ಕರೆದ. "ನನ್ನ ಮಗನ ರುಜು ನೋಡಿ," ಅಂದ. ಎಲ್ಲರೂ ನಕ್ಕರು. ಡ್ರಿಲ್ ಅಳಿಯನ ಕೈಗೆ ಹೋಯಿತು. ಮಗನಿಗೆ ಮರ ಉಜ್ಜುವ ಉಪ್ಪುಕಾಗದ ಉಳಿಯಿತು.

ಈ ಮನೆಯ ರೇಲಿಂಗನ್ನು ಮಾತ್ರ ಅಪ್ಪ ಮಗ, ಅಳಿಯ ಇಬ್ಬರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಹಿಡಿಯಲು ಅಮ್ಮನನ್ನು ನಿಲ್ಲಿಸಿಕೊಂಡು, ತಾನೇ ಕೂರಿಸಿದ್ದ.

*

ಕೊನೆಯ ಸ್ಕ್ರೂ ಬಂತು. ಬ್ರಾಕೆಟ್ ಕಳಚಿತು. ಅದರ ಹಿಂದೆ ಕಂಬ ಬೆರಳುದ್ದ ಸೀಳಿತ್ತು. ಸೀಳಿಗೆ ಪುಟ್ಟಿ ಮೆತ್ತಿ, ಅಗತ್ಯಕ್ಕಿಂತ ದೊಡ್ಡ ಬ್ರಾಕೆಟ್ಟಿನಿಂದ ಅಪ್ಪ ಮುಚ್ಚಿದ್ದ.

"ಒಡೆದ್ಯಾ?" ಭಾವ ಬಗ್ಗಿದ.

"ಪುಟ್ಟಿ ಎಷ್ಟು ಹಳೇದು ನೋಡಿ. ಡ್ರಿಲ್ ಹಿಡಿದವರಲ್ವಾ ನೀವು? ಹೇಳಿ, ಇದು ಯಾರ ರುಜು?"

ಭಾವ ಪುಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದ.

"ಮುಚ್ಚೋ ಅದನ್ನ, ಜನ ನೋಡ್ತಾರೆ," ಅಕ್ಕ ಪಿಸುಗುಟ್ಟಿದಳು.

"ನೋಡ್ಲಿ. ಒಬ್ಬೊಬ್ಬರೂ ನೋಡ್ಕೊಂಡೇ ಹೋಗ್ಲಿ." ಅವನು ಬ್ರಾಕೆಟ್ಟನ್ನು ಅಂಗಳಕ್ಕೆಸೆದ.

ಹೆಣ ಹೊತ್ತವರು ಬಾಗಿಲಿಗೆ ಬಂದರು. ಹಿಂದೆ ಬರಬೇಕಿದ್ದ ಅಮ್ಮ ಅವರನ್ನು ಸರಿಸಿ ಮುಂದೆ ಬಂದು, ಮೊದಲೇ ಗೊತ್ತಿದ್ದವಳಂತೆ, ಹುಡುಕದೆಯೇ ಬಿರುಕಿನ ಮೇಲೆ ಅಂಗೈ ಒತ್ತಿ ನಿಂತಳು.

"ಕೈ ತೆಗಿ ಅಮ್ಮ."

"ನೀನು ದಾರಿ ಬಿಡು."

ಗಂಡನ ಹೆಣ ಅವಳ ಮೊಣಕೈ ಸವರಿಕೊಂಡು ತಿರುವು ದಾಟಿ ಮೆಟ್ಟಿಲಿಳಿಯಿತು. ಅವಳು ಅತ್ತ ತಿರುಗಲಿಲ್ಲ. ಅಂಗೈಯಡಿಯಿಂದ ಪುಟ್ಟಿ ಪುಡಿಪುಡಿಯಾಗಿ ಉದುರುತ್ತಿತ್ತು. ಕಣ್ಣು ಮಗನ ಮೇಲೇ ಇತ್ತು.