ಇಪ್ಪತ್ತೇಳು ಜೊತೆ ಕಣ್ಣು

ಸುಬೇದಾರ್ ಮಧುಕರ ಚಿತ್ರಗಾರರಿಗೆ ತಮ್ಮ ಚಿತ್ರಗಳ ಪ್ರದರ್ಶನ ಬೇಕಾಗಿರಲಿಲ್ಲ. ಬೇಕೆಂದು ಕೂತವಳು ಮಗಳು ನೀಲಿಮಾ. ಎಪ್ಪತ್ತೈದು ತುಂಬಿದ ಅಪ್ಪನಿಗೆ ಒಂದು ಶಾಲು ಹೊದಿಸಿ ಸುಮ್ಮನಾಗಬಹುದಿತ್ತು. ಆದರೆ ಹಟದಲ್ಲಿ ಅವಳು ಅಪ್ಪನಿಗೇ ಅಪ್ಪ. ಆರು ತಿಂಗಳು ಊರೂರು ಅಲೆದು, ಅವರು ಪಿಂಚಣಿಗೆ ಬಂದ ಮೇಲೆ ಬರೆದ ಇಪ್ಪತ್ತೇಳು ಚಿತ್ರಗಳನ್ನು ಮನೆಮನೆಯಿಂದ ಬೇಡಿ ತಂದಳು. ಎಲ್ಲವೂ ತಿರುಗಿ ಮನೆಗೆ ಬಾರದ ಸಿಪಾಯಿಗಳ ಮುಖಗಳು. ಪುಣೆಯ ಕೋಥರೂಡಿನಲ್ಲಿರುವ ಕನ್ನಡ ಬಳಗದ ಸಭಾಗೃಹದ ಗೋಡೆಗಳಿಗೆ ಅವನ್ನು ತೂಗುಹಾಕಿದ ದಿನ ಅವಳು ಒಂದೊಂದು ಚೌಕಟ್ಟನ್ನೂ ಹೆಮ್ಮೆಯಿಂದ ಒರೆಸಿ ನೇರ ಮಾಡಿದ್ದಳು.

ಮಧುಕರರು ಗೋಕಾಕದವರು. ಅಪ್ಪ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದ, ಗುಡಿಗಳ ಗೋಡೆಗೆ ಬಣ್ಣ ಬಳಿಯುತ್ತಿದ್ದ. ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಆ ಹೊತ್ತಿಗೆ ಅಪ್ಪ ಮಗನ ಕಿವಿ ಹಿಂಡಿ ಹೇಳುತ್ತಿದ್ದ, "ಕಣ್ಣ ಬರಿಯೂ ಮುಂದ ಮನಸಿನ್ಯಾಗ ಯಾರ ಇರ್ತಾರೋ ಅವರ ಬಂದು ಕೂಡ್ತಾರ. ದೇವರನ್ನ ನೆನಿ, ಬ್ಯಾರೆ ಯಾರನ್ನೂ ನೆನಿಬ್ಯಾಡ." ಹತ್ತೊಂಬತ್ತಕ್ಕೆ ಮಗ ಫೌಜಿಗೆ ಓಡಿಹೋದ. ಅಲ್ಲಿಯೂ ಕುಂಚ ಬಿಡಲಿಲ್ಲ. ಪಲ್ಟನ್ನಿನ ಫಲಕಗಳು, ಪೂಜಾಮಂದಿರದ ಗೋಡೆಯ ಮೇಲಿನ ದೇವರುಗಳು, ಸಾಹೇಬರ ಹೆಂಡತಿಯರ ಭಾವಚಿತ್ರಗಳು, ಎಲ್ಲವೂ ಅವನ ಪಾಲಿಗೇ ಬಂದವು. ಎಪ್ಪತ್ತೊಂದರ ಯುದ್ಧ ಆಯಿತು, ಮದುವೆ ಆಯಿತು, ನೀಲಿಮಾ ಹುಟ್ಟಿದಳು, ಪುಣೆಯಲ್ಲಿ ಮನೆಯಾಯಿತು. ಹೆಂಡತಿ ಸುಮಂಗಲಾ ಎರಡು ವರ್ಷದ ಹಿಂದೆ ತೀರಿಹೋಗಿದ್ದರು.

ಸತ್ತವರ ಮನೆಯವರ ಹತ್ತಿರ ಸಾಮಾನ್ಯವಾಗಿ ಉಗುರಿನಷ್ಟು ಫೋಟೋ ಇರುತ್ತಿತ್ತು. ಅದನ್ನು ನೋಡಿ ಮಧುಕರರು ಮುಖ ತುಂಬುತ್ತಿದ್ದರು. ಕಣ್ಣಿನ ಜಾಗ ಮಾತ್ರ ಖಾಲಿ. ಆಮೇಲೆ ಬಸ್ಸು ಹತ್ತಿ ಜೇಜುರಿಗೆ ಹೋಗಿ ಖಂಡೋಬಾನ ಭಂಡಾರ ತಂದು, ಆ ಅರಿಶಿನವನ್ನು ಚಿತ್ರದ ಹಣೆಗೆ ಚಿಟಿಕೆ ಹಚ್ಚಿ, ಫೋಟೋವನ್ನು ಬೋರಲು ಹಾಕಿ ಕೂತುಬಿಡುತ್ತಿದ್ದರು. ಕೈ ತಾನಾಗಿ ಓಡುತ್ತಿತ್ತು. ಹತ್ತು ನಿಮಿಷದಲ್ಲಿ ಕಣ್ಣು ಸಿದ್ಧ. "ನಂದೇನದ ಇದರಾಗ? ಖಂಡೋಬಾ ಬರಸ್ತಾನ," ಎನ್ನುತ್ತಿದ್ದರು. ಅದನ್ನು ನಂಬಿಯೇ ಅವರು ಮುಪ್ಪಿನ ರಾತ್ರಿಗಳಲ್ಲಿ ನಿದ್ದೆ ಮಾಡುತ್ತಿದ್ದದ್ದು.

ಮೊದಲ ದಿನ ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂಚೆ ಬಂದವಳು ಕುರಕುಂಭದ ಸಾವಿತ್ರಿಬಾಯಿ. ಮಗ ಮಾಂತು ಹಿಮ ಕುಸಿದು ಸತ್ತು ಹನ್ನೊಂದು ವರ್ಷ. ಅವಳು ಎದುರಿನ ಗೋಡೆಯಲ್ಲಿದ್ದ ಅವನ ಚಿತ್ರದ ಕೆಳಗೆ ಕೂತು, ಚೀಲದಿಂದ ಸ್ಟೀಲಿನ ಲೋಟ ತೆಗೆದು, ನೀರು ತುಂಬಿ ಇಟ್ಟಳು. ನೀಲಿಮಾ ನಕ್ಕು ಸುಮ್ಮನಾದಳು. ಒಂದು ತಾಸು ಕಳೆಯಿತು. ಅಥಣಿಯಿಂದ ಬಂದ ಅವ್ವಣ್ಣ ಎಂಬ ಮುದುಕ ತನ್ನ ಮಗನ ಚಿತ್ರದ ಮುಂದೆ ತಾಮ್ರದ ತಂಬಿಗೆ ಇಟ್ಟ. ಸಾತಾರದ ಮರಾಠಿ ಹೆಂಗಸೊಬ್ಬಳು ಗಾಜಿನ ಗ್ಲಾಸು ಇಟ್ಟಳು. ಒಬ್ಬರ ಗುರುತು ಒಬ್ಬರಿಗಿಲ್ಲ. ಸಂಜೆಯ ಹೊತ್ತಿಗೆ ಗೋಡೆಯುದ್ದಕ್ಕೂ ಹತ್ತೊಂಬತ್ತು ಪಾತ್ರೆಗಳು ನೀರು ತುಂಬಿಕೊಂಡು ಕೂತಿದ್ದವು.

ನೀಲಿಮಾ ಸಾವಿತ್ರಿಬಾಯಿಯ ಪಕ್ಕ ಕುಕ್ಕರಿಸಿದಳು. "ಮೌಶಿ, ಈ ನೀರು ಯಾಕ?"

"ಏನ ಹೇಳ್ಲಿ ಮಗಾ. ಈ ಚಿತ್ರ ಮನಿಗೆ ಬಂದ ಮೂರನೇ ದಿನದಿಂದ ಹಿಂಗ. ಉಣ್ಣಾಕ ಕುಂತ್ರ ತುತ್ತು ಇಳಿಯೂದಿಲ್ಲ. ಇವ ನನ್ನ ಲೋಟಾನ ನೋಡಾಕತ್ತಾನ ಅನಸ್ತೈತಿ. ಮದಲ ಇವಗ ಇಟ್ಟು ಆಮ್ಯಾಲ ನಾ ಕುಡಿಯೂದು."

ಅವ್ವಣ್ಣನನ್ನು ಕೇಳಿದರೆ ಅವನು ತಲೆ ಕೆರೆದುಕೊಂಡ. "ನಮ್ಮ ಹುಡುಗ ಚಾ ಕುಡಿಯಾಂವ ಬೇ. ನೀರ ಅಂದ್ರ ಮಾರಿ ತಿರುವಾಂವ. ಆದ್ರ ಚಿತ್ರದಾಗಿನಾಂವಗ ನೀರ ಬೇಕ. ಇಡದಿದ್ರ ಮನ್ಯಾಗ ಯಾರಿಗೂ ನಿದ್ದಿ ಇಲ್ಲ."

ಸಾತಾರದವಳೂ ಮರಾಠಿಯಲ್ಲಿ ಅದನ್ನೇ ಹೇಳಿದಳು. ನೀಲಿಮಾ ಗೋಡೆಯತ್ತ ತಿರುಗಿದಳು. ಎದ್ದು ಒಂದೊಂದೇ ಚಿತ್ರದ ಹತ್ತಿರ ಹೋಗಿ, ಮೂಗಿನಿಂದ ಕೆಳಗೆ ಅಂಗೈಯಿಂದ ಮುಚ್ಚಿ ನೋಡುತ್ತ ಬಂದಳು. ಮುಖ ಉದ್ದ, ಮುಖ ಗುಂಡಗೆ, ಮೀಸೆ ಇದ್ದವನು, ಇಲ್ಲದವನು. ಕಣ್ಣು ಮಾತ್ರ ಒಬ್ಬನದೇ. ಎಡಗಡೆಯ ರೆಪ್ಪೆ ತುಸು ಇಳಿಬಿದ್ದಿತ್ತು. ಆ ಕಣ್ಣಿನ ಬಿಳಿಯಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ. ಇಪ್ಪತ್ತೇಳೂ ಕಡೆ ಅದೇ ಚುಕ್ಕೆ.

"ಅಪ್ಪಾ, ಇವು ಯಾರ ಕಣ್ಣು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮಧುಕರರು ತಮ್ಮ ಬಲಗೈಯನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡರು. "ಯಾರದೂ ಅಲ್ಲ," ಎಂದರು. ಆಮೇಲೆ ಅವರೂ ನೋಡಿದರು. ಇಷ್ಟು ವರ್ಷ ಒಂದೊಂದಾಗಿ ಬರೆದು ಕಳಿಸಿದ್ದನ್ನು ಅವರು ಒಟ್ಟಿಗೆ ನೋಡಿದ್ದು ಇದೇ ಮೊದಲು. ಖಂಡೋಬಾ ಬರೆಸಿದನೆಂದು ನಂಬಿದ್ದ ಕಣ್ಣುಗಳಲ್ಲಿ ಧರ್ಮರಾಜ ಕೂತಿದ್ದ.

ಧರ್ಮರಾಜ ಅವರ ಜೊತೆಗೇ ಸೇನೆಗೆ ಸೇರಿದವನು, ಸವದತ್ತಿ ಕಡೆಯ ಹುಡುಗ. ಎಪ್ಪತ್ತೊಂದರ ಡಿಸೆಂಬರಿನಲ್ಲಿ, ಪಶ್ಚಿಮದ ಗಡಿಯ ಮರಳಿನಲ್ಲಿ, ನೆಲಬಾಂಬು ಹೂತ ಬಯಲಿನ ನಡುವೆ ದಾರಿ ಗುರುತು ಮಾಡಲು ಇಬ್ಬರನ್ನೇ ಮುಂದೆ ಕಳಿಸಿದ್ದರು. ಬೆಳಕು ಹರಿಯುತ್ತಿದ್ದಾಗ ಧರ್ಮರಾಜನ ಕಾಲಡಿ ಸಿಡಿಯಿತು. ಒಂದು ಕಾಲು ಹೋಯಿತು. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ. ಮಧುಕರರ ಕೈಯಲ್ಲಿ ಮರಳು ಚುಚ್ಚಿ ನೋಡುವ ಸಲಾಕೆ ಇತ್ತು, ಸೊಂಟದಲ್ಲಿ ತುಂಬಿದ ನೀರಿನ ಬಾಟಲಿ ಇತ್ತು. ಚುಚ್ಚಿ ನೋಡುತ್ತ ಹೋದರೆ ಅರ್ಧ ತಾಸಿನ ಕೆಲಸ, ಅವರು ಕಲಿತದ್ದೇ ಅದು. "ಮಧೂ, ನೀರೋ," ಎಂದು ಅವನು ಕರೆದ. ಮಧುಕರರ ಕಾಲು ಏಳಲಿಲ್ಲ. ಹೊತ್ತು ನೆತ್ತಿಗೆ ಬರುವವರೆಗೂ ಅವನು ಕರೆದ. ಆಗ ಮಧುಕರರು ಬಾಟಲಿಯ ಮುಚ್ಚಳ ತಿರುವಿ ತಾವೇ ಕುಡಿದುಬಿಟ್ಟರು. ಅವನು ಅದನ್ನು ನೋಡಿದ. ಮತ್ತೆ ಕರೆಯಲಿಲ್ಲ.

ಸಿಡಿದ ಕೂಡಲೇ ಹೋದ, ನೋವಾಗಲಿಲ್ಲ ಎಂದು ಸಾಹೇಬರಿಗೆ ಹೇಳಿದರು. ಊರಿಗೆ ಹೋಗಿ ಅವನ ತಾಯಿಗೂ ಹತ್ತು ವರ್ಷದ ತಂಗಿಗೂ ಅದನ್ನೇ ಹೇಳಿದರು. ತಾಯಿ ಇವರ ಎರಡೂ ಕೈ ಹಿಡಿದು, "ನೀ ಇದ್ದೆಲ್ಲಪಾ ಬಾಜೂಕ, ಅಷ್ಟ ಸಾಕು," ಎಂದಿದ್ದಳು. ನಿಜವಾಗಿ ನಡೆದದ್ದನ್ನು ಅವರು ಹೆಂಡತಿ ಸುಮಂಗಲೆಗೆ ಹೇಳಲಿಲ್ಲ, ಜೇಜುರಿಯ ಮೆಟ್ಟಿಲ ಮೇಲೆ ಹಣೆ ಇಟ್ಟಾಗ ದೇವರಿಗೂ ಹೇಳಲಿಲ್ಲ. ಧರ್ಮರಾಜನ ಆ ತಂಗಿ ರಂಗೂಬಾಯಿ ಮದುವೆಯಾಗಿ ಸಾಸವಡಕ್ಕೆ ಬಂದು, ಬಸ್ ಸ್ಟ್ಯಾಂಡಿನ ಎದುರು ಬಳೆ ಅಂಗಡಿ ಇಟ್ಟುಕೊಂಡದ್ದು ಅವರಿಗೆ ಗೊತ್ತಿತ್ತು. ಜೇಜುರಿಯ ಬಸ್ಸು ಸಾಸವಡದ ಮೇಲೆಯೇ ಹೋಗಬೇಕು. ಅಂಗಡಿ ಬಂದಾಗ ಆಚೆ ಮಗ್ಗುಲಿನ ಕಿಟಕಿಯ ಕಡೆ ನೋಡುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಆದರೆ ಇವರು ಮಾಡಿದ್ದನ್ನು ಇಪ್ಪತ್ತೇಳು ಮನೆಯವರು ಉಣ್ಣುತ್ತಿದ್ದರು.

ಎರಡನೆಯ ದಿನ ಬೆಳಿಗ್ಗೆ ಅವರು ಮಗಳನ್ನು ಕರೆದರು. ಧ್ವನಿ ಒಣಗಿತ್ತು.

"ಸಾಸವಡಕ್ಕ ಹೋಗು. ರಂಗೂಬಾಯಿ ಅಂತ ಇದ್ದಾಳ, ಬಳಿ ಅಂಗಡಿಯಾಕಿ. ಧರ್ಮರಾಜನ ಜೊತಿ ಇದ್ದ ಮಧುಕರ ಕರದಾನ ಅಂತ ಹೇಳಿ ಕರಕೊಂಡ ಬಾ. ನಾ ಆಕೀಗೆ ಒಂದು ಸುಳ್ಳ ಹೇಳೇನಿ. ಅದನ್ನ ಇಟಕೊಂಡು ನಾ ಸಾಯಬಾರದು."

ನೀಲಿಮಾ ಆಕೆಯನ್ನು ಕರೆತಂದಾಗ ಮಧ್ಯಾಹ್ನ ಒಂದೂವರೆ. ಪುಣೆಯಲ್ಲಿ ಒಂದರಿಂದ ನಾಲ್ಕು ಗಂಟೆಯವರೆಗೆ ದೇವರೂ ಬಾಗಿಲು ಎಳೆದುಕೊಂಡು ಮಲಗುತ್ತಾನೆ. ಹೊರಗೆ ರಸ್ತೆ ಬಿಕೋ ಎನ್ನುತ್ತಿತ್ತು. ದೂರದ ಊರಿಂದ ಬಂದವರು ಮಾತ್ರ ಬುತ್ತಿ ಬಿಚ್ಚಿಕೊಂಡು ಸಭಾಗೃಹದಲ್ಲೇ ಕೂತಿದ್ದರು. ಯಾರೂ ಇನ್ನೂ ಉಂಡಿರಲಿಲ್ಲ. ನೀರಿನ ಪಾತ್ರೆಗಳು ಈಗ ಇಪ್ಪತ್ತೇಳಾಗಿದ್ದವು.

ರಂಗೂಬಾಯಿ ಒಳಗೆ ಕಾಲಿಟ್ಟವಳು ಬಾಗಿಲ ಬಳಿ ನಿಂತಿದ್ದ ಮಧುಕರರನ್ನು ನೋಡಲೇ ಇಲ್ಲ. ನೆಟ್ಟಗೆ ನಡೆದು ಎದುರಿನ ಗೋಡೆಯ ಮಾಂತುವಿನ ಚಿತ್ರದ ಮುಂದೆ ನಿಂತಳು. "ಅಣ್ಣಾ," ಎಂದಳು. ತಿರುಗಿ ಪಕ್ಕದ ಚಿತ್ರ ನೋಡಿದಳು, ಅದರ ಪಕ್ಕದ್ದನ್ನು ನೋಡಿದಳು. "ಇಲ್ಲೂ ಇದ್ದಾನಲ್ಲ. ಯವ್ವಾ, ಎಲ್ಲಾ ಕಡೆ ಇದ್ದಾನಲ್ಲ! ಒಂದ ಫೋಟೋ ಇತ್ತು, ಅವ್ವ ಸತ್ತಾಗ ಆಕಿ ಎದಿ ಮ್ಯಾಲ ಇಟ್ಟು ಸುಟ್ಟಿವಿ. ಇವನ ಮಾರಿ ಮರತs ಹೋಗಿತ್ತು ನನಗ."

ಮಧುಕರರು ಬಾಗಿಲ ಬಳಿಯಿಂದಲೇ ಹೇಳಿದರು. ಹತ್ತಿರ ಹೋಗುವ ಧೈರ್ಯ ಅವರಿಗಿರಲಿಲ್ಲ. ಇಪ್ಪತ್ತು ಹೆಜ್ಜೆಯ ಆಚೆ ನಿಂತು, ಬುತ್ತಿ ಬಿಚ್ಚಿದವರೆಲ್ಲ ಕೇಳುವಂತೆ, ಬೆಳಗಿನಿಂದ ಮಧ್ಯಾಹ್ನದವರೆಗಿನ ಆ ಒಂದು ದಿನವನ್ನು ಹೇಳಿದರು. "ನೀರು ನನ್ನ ಹಂತೇಕ ಇತ್ತು. ನಾನs ಕುಡದೆ. ಅಂವ ನೋಡಿದ," ಎಂದಾಗ ನೀಲಿಮಾ ಮುಖ ತಿರುಗಿಸಿದಳು. ಅಪ್ಪನ ಎದೆಯ ಮೇಲೆ ಅವಳೇ ಬೆಳಿಗ್ಗೆ ಚುಚ್ಚಿದ್ದ ಪದಕಗಳನ್ನು ಅವಳಿಗೆ ನೋಡಲಾಗಲಿಲ್ಲ.

ರಂಗೂಬಾಯಿ ಅಳಲಿಲ್ಲ. "ಎಷ್ಟೊತ್ತು ಕರದ?" ಎಂದು ಕೇಳಿದಳು.

"ಹೊತ್ತು ನೆತ್ತಿಗೆ ಬರೂತನಕ."

"ನಿಮ್ಮ ಹೆಸರ ಹಿಡದು?"

"ಹೌದು."

ಆಕೆ ಗೋಡೆಯುದ್ದಕ್ಕೂ ಇದ್ದ, ದಾರಿಯಲ್ಲಿ ನೀಲಿಮಾ ಹೇಳಿದ್ದ ಆ ಲೋಟ ತಂಬಿಗೆಗಳನ್ನು ನೋಡಿದಳು. "ಇಷ್ಟ ಮಂದಿ ಇಷ್ಟ ವರ್ಷ ನೀರ ಇಟ್ಟಾರ. ಇನ್ನೂ ನೀರಡಿಕಿ ಇರತೈತೇನ್ರಿ? ನೋಡ್ರಿ ಆ ಕಣ್ಣ. ಅಂವ ನೀರಿಗೆ ಕರದಿಲ್ಲ, ನಿಮ್ಮನ್ನ ಕರದಾನ. ಸಣ್ಣಾಂವಿದ್ದಾಗಿಂದ ಒಬ್ಬನs ಇರಾಕ ಅಂಜತಿದ್ದ ನಮ್ಮಣ್ಣ." ಆಮೇಲೆ ಗದರಿದಳು, "ಏನ್ ನೋಡ್ತೀರಿ? ಬರ್ರಿ ಇಲ್ಲೆ."

ಮಧುಕರರು ಚಪ್ಪಲಿ ಬಿಟ್ಟರು. ಅದು ಗುಡಿಸಿ ಒರೆಸಿದ ನುಣುಪು ನೆಲ, ಆದರೂ ಅವರು ಬಗ್ಗಿ ಬೆರಳಿನಿಂದ ಮುಂದಿನ ಹಾಸುಗಲ್ಲನ್ನು ಒತ್ತಿ ನೋಡಿ ಕಾಲಿಟ್ಟರು. ಅವರ ಅಂಗಾಲಿನಡಿ ಮರಳು ಕರಕರ ಅನ್ನುವುದು ನೀಲಿಮಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಸಾವಿತ್ರಿಬಾಯಿಗೂ ಕೇಳಿಸಿತು, ಆಕೆ ಸೆರಗು ಬಾಯಿಗೆ ಹಿಡಿದಳು. ಫ್ಯಾನು ತಿರುಗುತ್ತಿರಲಿಲ್ಲ, ಆದರೂ ಪಾತ್ರೆಗಳಲ್ಲಿ ನೀರು ಅಲುಗುತ್ತಿತ್ತು. ಹತ್ತನೇ ಹೆಜ್ಜೆಗೆ ಅವರು ನಿಂತುಬಿಟ್ಟರು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಹಿಂದಕ್ಕೆ ಓಡಬೇಕೆನಿಸಿತು. ಎರಡೂ ಗೋಡೆಗಳಿಂದ ಕಣ್ಣುಗಳು ಅವರನ್ನೇ ನೋಡುತ್ತಿದ್ದವು, ಸಿಟ್ಟಿನಿಂದಲ್ಲ. ಸಿಟ್ಟಿನಿಂದ ನೋಡಿದ್ದರೆ ಅವರು ಓಡಿಹೋಗುತ್ತಿದ್ದರು. ಮತ್ತೆ ಬಗ್ಗಿ ನೆಲ ಒತ್ತಿದರು.

ಅರ್ಧ ತಾಸು ಹಿಡಿಯಿತು. ಗೋಡೆ ಮುಟ್ಟಿದಾಗ ಅವರು ಮಾಂತುವಿನ ಚಿತ್ರದ ಕೆಳಗೆ ಕುಸಿದು ಕೂತು, ಚೌಕಟ್ಟಿನ ಮೇಲೆ ಕೈ ಇಟ್ಟರು. "ಬಂದೆ ಧರ್ಮಾ," ಎಂದರು. "ಬಂದೇನಿ ನೋಡು."

ಅಷ್ಟರಲ್ಲಿ ಸಾವಿತ್ರಿಬಾಯಿ ಚೀರಿದಳು.

"ಮಾಂತೂ! ಅಯ್ಯೋ ನನ್ನ ಮಾಂತೂ!"

ಚಿತ್ರದಲ್ಲಿ ಈಗ ಇದ್ದವು ಸಣ್ಣ, ತುಂಟ ಕಣ್ಣುಗಳು. ಮಾಂತುವಿನವೇ. ಹನ್ನೊಂದು ವರ್ಷ ಬೇರೆ ಯಾರಿಗೋ ನೀರಿಟ್ಟ ಆ ತಾಯಿಗೆ ಮಗ ಆ ಗಳಿಗೆಯಲ್ಲಿ ಸತ್ತಂತಾಯಿತು. ಎದೆ ಬಡಿದುಕೊಂಡು ಅತ್ತಳು. ಅವ್ವಣ್ಣ ತನ್ನ ಹುಡುಗನ ಮುಂದೆ ನಿಂತು, "ಬಂದೇನೋ, ಬಂದೇನೋ," ಎಂದು ತೊದಲುತ್ತಿದ್ದ. ಗೋಡೆಯುದ್ದಕ್ಕೂ ಗೋಳು ಎದ್ದಿತು. ಪ್ರತಿಯೊಬ್ಬರಿಗೂ ಅವರವರ ಮಗ ಸಿಕ್ಕಿದ್ದ. ಮಧುಕರರ ಎದೆ ಐವತ್ತನಾಲ್ಕು ವರ್ಷದ ಮೇಲೆ ಹಗುರವಾಗಿತ್ತು. ಸುತ್ತ ಇಷ್ಟು ಜನ ಅಳುವಾಗ ತನಗೆ ಸಂತೋಷವಾಗುತ್ತಿದೆಯಲ್ಲ ಎಂದು ಅವರಿಗೆ ನಾಚಿಕೆಯಾಯಿತು, ಆದರೂ ಸಂತೋಷವಾಯಿತು.

ಅಳದೆ ಓಡಾಡುತ್ತಿದ್ದವಳು ರಂಗೂಬಾಯಿ ಒಬ್ಬಳೇ. ಚಿತ್ರದಿಂದ ಚಿತ್ರಕ್ಕೆ ಹೋಗಿ, ಮುಖವನ್ನು ಮುಖಕ್ಕೆ ತಾಗಿಸಿ, ಆ ಎಳ್ಳಿನಷ್ಟು ಚುಕ್ಕೆಯನ್ನು ಹುಡುಕುತ್ತಿದ್ದಳು. ಒಂದು ಸುತ್ತು ಮುಗಿಸಿ ಎರಡನೆಯ ಸುತ್ತು ಹಾಕಿದಳು.

"ಎಲ್ಲಿ ಹೋದ? ಈಗs ಇದ್ದನಲ್ಲರಿ. ನಾ ಇನ್ನ ನೆಟ್ಟಗ ನೋಡೇ ಇಲ್ಲ."

ಆಕೆ ಬಂದು ಮಧುಕರರ ಎದುರು ಕೂತಳು. "ನೀವು ಚಿತ್ರಗಾರರಲ್ಲ? ನಿಮ್ಮ ಕೈಯಾಗ ಐವತ್ತ ವರ್ಷ ಇದ್ದ. ಒಂದ ಬರದ ಕೊಡ್ರಿ ನನಗ."

ನೀಲಿಮಾ ಹಾಳೆ, ಪೆನ್ಸಿಲು ತಂದು ಅಪ್ಪನ ಮಡಿಲಲ್ಲಿಟ್ಟಳು. ಮಧುಕರರು ಪೆನ್ಸಿಲು ಹಿಡಿದರು. ಕಣ್ಣು ಮುಚ್ಚಿ ಮರಳನ್ನು ನೆನೆದರು, ಆಕಾಶವನ್ನು ನೆನೆದರು, ಬಾಟಲಿಯ ಮುಚ್ಚಳವನ್ನು ನೆನೆದರು. ಅದೆಲ್ಲ ಬಂತು. ಮುಖದ ಜಾಗದಲ್ಲಿ ಏನೂ ಬರಲಿಲ್ಲ. ಕೈ ಹಾಳೆಯ ಮೇಲೆ ಹಾಗೇ ನಿಂತಿತು, ಯಾರೂ ಅದನ್ನು ಓಡಿಸಲಿಲ್ಲ.

"ನೆನಪಾಗವಲ್ದು," ಎಂದರು.

ರಂಗೂಬಾಯಿ ಸೆರಗು ಹೊದ್ದು, ಗೋಡೆಗೆ ಬೆನ್ನು ಹಚ್ಚಿ, ಕಾಲು ಮಡಚಿ ಸರಿಯಾಗಿ ಕೂತಳು.

"ಅವಸರಿಲ್ಲರಿ," ಎಂದಳು. "ನಾ ಇಲ್ಲೇ ಕುಂತಿರ್ತೀನಿ."